ಭತ್ತದ ಪಟ್ಟಿಗೊಂದು ಪುಟ್ಟ ಭಾಷೆ: ಪೈಥಾನ್ ಮೇಲೆ ಕಟ್ಟುವುದು ಹೇಗೆ?

ಪ್ರಶ್ನೆ: ಗಂಗಾವತಿ, ಕಾರಟಗಿ ಸುತ್ತಿನ ಏಳು ಅಕ್ಕಿ ಗಿರಣಿಗಳಿಗೆ ಭತ್ತ ಖರೀದಿಯ ಪಟ್ಟಿ ಮಾಡುವ ತಂತ್ರಾಂಶ ಬರೆದುಕೊಟ್ಟಿದ್ದೇನೆ. ತೇವ, ಕಸ, ಸೂಟು (ಚೀಲಕ್ಕೆ ಇಷ್ಟೆಂದು ಹಿಡಿಯುವ ತೂಕದ ಕಡಿತ), ಹಮಾಲಿ, ದಲಾಲಿ ಎಂದು ಕಳೆಯುವ ನಿಯಮಗಳು ಒಂದೊಂದು ಗಿರಣಿಗೆ ಒಂದೊಂದು ಥರ. ಎಲ್ಲವೂ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ‘ಇಫ್’, ‘ಎಲ್ಸ್’ ಎಂಬ ಷರತ್ತುಗಳ ನಡುವೆ ಸಿಕ್ಕಿಕೊಂಡಿವೆ. ಸುಗ್ಗಿ ಬಂತೆಂದರೆ ದಿನಕ್ಕೆ ನಾಲ್ಕು ಕರೆ: ‘ಅದೊಂದು ಬದಲಾಯಿಸಿಕೊಡಿ ಸರ್’. ಗುಮಾಸ್ತರೇ ಕನ್ನಡದಲ್ಲಿ ನಿಯಮ ಬರೆದುಕೊಳ್ಳುವಂಥ ಚಿಕ್ಕ ಭಾಷೆಯೊಂದನ್ನು ಕಟ್ಟಬೇಕೆಂದಿದ್ದೇನೆ. ಪೂರ್ತಿ ಹೊಸದಾಗಿ ಬರೆಯಲೇ, ಪೈಥಾನ್ ಮೇಲೆಯೇ ಕಟ್ಟಲೇ? (ಓದುಗರೊಬ್ಬರು, ಗಂಗಾವತಿ)

ಉತ್ತರ: ಪೈಥಾನ್ ಮೇಲೆಯೇ ಕಟ್ಟಿ. ಅದರಲ್ಲಿ ನನಗೆ ಅನುಮಾನವಿಲ್ಲ. ಅನುಮಾನವಿರುವುದು ನಿಮ್ಮ ಇನ್ನೊಂದು ಮಾತಿನ ಬಗ್ಗೆ: ‘ಗುಮಾಸ್ತರೇ ಬರೆದುಕೊಳ್ಳುವಂಥ’. ಈ ಆಸೆ ಹಳೆಯದು. 1959ರಲ್ಲಿ ಕೊಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದವರು ಅದನ್ನು ಇಂಗ್ಲಿಷ್ ವಾಕ್ಯಗಳ ಹಾಗೆ ಮಾಡಿದ್ದು ಪ್ರೋಗ್ರಾಮರ್ ಅಲ್ಲದವರಿಗೂ ಅರ್ಥವಾಗಲಿ ಎಂದು. 1974ರಲ್ಲಿ ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್ ಇಂದಿನ ಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಭಾಷೆಯ ಮೂಲರೂಪವನ್ನು ಮುಂದಿಟ್ಟಾಗಲೂ ಸಾಮಾನ್ಯ ನೌಕರರು ತಮಗೆ ಬೇಕಾದ ಮಾಹಿತಿಯನ್ನು ತಾವೇ ಹೆಕ್ಕಿಕೊಳ್ಳಲಿ ಎಂಬ ಎಣಿಕೆಯಿತ್ತು. ಇವತ್ತು ಎಸ್‌ಕ್ಯೂಎಲ್ ಬರೆಯುತ್ತ ಕುಳಿತಿರುವವರು ಯಾರು? ನೀವು ಮತ್ತು ನಾನು. ಗೇಟಿನಲ್ಲಿ ಹತ್ತು ಟ್ರ್ಯಾಕ್ಟರ್ ನಿಂತು, ಹಮಾಲರು ಕೂಗುತ್ತಿರುವಾಗ, ಗುಮಾಸ್ತರು ಆವರಣ ಚಿಹ್ನೆ ಮುಚ್ಚಿದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತ ಕೂರುವುದಿಲ್ಲ.

ಆದರೆ ಅವರು ಓದುತ್ತಾರೆ. ನೀವು ಬರೆದ ನಿಯಮವನ್ನು ತೋರಿಸಿದರೆ ಬೆರಳಿಟ್ಟು ‘ಇದು ತಪ್ಪು, ನಮ್ಮಲ್ಲಿ ಅರ್ಧ ಅಂಶ ಲೆಕ್ಕಕ್ಕಿಲ್ಲ’ ಎನ್ನಬಲ್ಲರು (ಅಂಶವೆಂದರೆ ಇಲ್ಲಿ ತೇವದ ಶೇಕಡಾ ಒಂದು). ನಿಮಗೆ ಭಾಷೆ ಬೇಕಾಗಿರುವುದು ಆ ಒಂದು ಮಾತಿಗಾಗಿ. ಬರೆಯುವವರು ನೀವು, ಓದುವವರು ಅವರು ಎಂದು ಇಟ್ಟುಕೊಂಡರೆ ಕೆಲಸ ಅರ್ಧ ಹಗುರವಾಗುತ್ತದೆ.

ಅದಕ್ಕೂ ಮೊದಲು ಏಳೂ ಗಿರಣಿಗಳ ನಿಯಮಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಬರೀ ಅಂಕಿಗಳದ್ದಾಗಿದ್ದರೆ, ಅಂದರೆ ಒಬ್ಬರಲ್ಲಿ ತೇವದ ಮಿತಿ ಶೇಕಡಾ 16, ಇನ್ನೊಬ್ಬರಲ್ಲಿ 17 ಎಂಬಷ್ಟೇ ಆಗಿದ್ದರೆ, ಭಾಷೆಯ ಗೊಡವೆಯೇ ಬೇಡ. ಎಕ್ಸೆಲ್‌ನ ಒಂದು ಹಾಳೆ ಸಾಕು. ಭಾಷೆ ಬೇಕಾಗುವುದು ನಿಯಮದ ಆಕಾರವೇ ಬೇರೆಯಾದಾಗ. ಒಬ್ಬರು ಸೂಟು ಕಳೆದು ಉಳಿದ ತೂಕದ ಮೇಲೆ ತೇವ ಹಿಡಿಯುತ್ತಾರೆ, ಇನ್ನೊಬ್ಬರು ಎರಡನ್ನೂ ಒಟ್ಟು ತೂಕದ ಮೇಲೆಯೇ ಹಿಡಿಯುತ್ತಾರೆ, ಮತ್ತೊಬ್ಬರು ತೇವ ಹೆಚ್ಚಾದರೆ ಲೋಡನ್ನೇ ವಾಪಸ್ ಕಳಿಸುತ್ತಾರೆ. ‘ಇಫ್’ಗಳ ನಡುವೆ ಸಿಕ್ಕಿಕೊಂಡಿವೆ ಎಂದಿದ್ದೀರಿ, ಹಾಗಾಗಿ ನಿಮ್ಮದು ಈ ಎರಡನೆಯ ಜಾತಿಯ ತೊಂದರೆಯೇ ಇರಬೇಕು. (ಸೂಟಿನ ಹೆಸರಿನಲ್ಲಿ ರೈತರಿಂದ ಕಳೆಯುವುದು ಸರಿಯೇ ಎಂಬುದು ಬೇರೆಯೇ ಜಗಳ. ಅದು ಪ್ರೋಗ್ರಾಮಿನಿಂದ ಬಗೆಹರಿಯುವುದಿಲ್ಲ. ಆದರೆ ಎಷ್ಟು ಕಳೆದರು ಎಂಬುದು ಕಾಣುವಂತೆ ಮಾಡಬಹುದು, ಅದಕ್ಕೆ ಮುಂದೆ ಬರುತ್ತೇನೆ.)

ಬುಡದಿಂದ ಹೊಸ ಭಾಷೆ ಬೇಡ ಎನ್ನುವುದಕ್ಕೆ ನನ್ನ ಬಳಿ ಶಾಸ್ತ್ರಕ್ಕಿಂತ ಹೆಚ್ಚಾಗಿ ಕೈ ಸುಟ್ಟುಕೊಂಡ ಅನುಭವವಿದೆ. ಹಿಂದೊಮ್ಮೆ ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲೊಂದಕ್ಕೆ ದರ ನಿರ್ಣಯದ ಭಾಷೆ ಬರೆದೆ. ಪದ ಬಿಡಿಸುವುದು, ವ್ಯಾಕರಣ, ವಾಕ್ಯ ಬಿಡಿಸುವ ಪಾರ್ಸರ್, ಎಲ್ಲ ನನ್ನದೇ. ಮೊದಲ ಸುಗ್ಗಿಯಲ್ಲಿ ಬೀಗಿದ್ದೇ ಬೀಗಿದ್ದು. ಎರಡನೆಯ ವರ್ಷ ‘ದೀಪಾವಳಿ ಆದ ಮೇಲೆ ಬೇರೆ ದರ’ ಎಂದರು, ದಿನಾಂಕ ಸೇರಿಸಿದೆ. ‘ಈ ಹತ್ತು ಊರಿಗೆ ಬಿಟ್ಟು’ ಎಂದರು, ಊರುಗಳನ್ನು ಸುತ್ತಿ ಬರಲು ಲೂಪ್ ಸೇರಿಸಿದೆ. ಮೂರನೆಯ ವರ್ಷ ತಿರುಗಿ ನೋಡಿದರೆ ಪೈಥಾನ್‌ನಲ್ಲಿ ಇರುವುದೆಲ್ಲ ನನ್ನ ಭಾಷೆಯಲ್ಲೂ ಇತ್ತು, ಕುಂಟುತ್ತ ಇತ್ತು. ಬಣ್ಣ ತೋರಿಸುವ ಎಡಿಟರ್ ಇಲ್ಲ, ತಪ್ಪು ಹುಡುಕುವ ಡಿಬಗ್ಗರ್ ಇಲ್ಲ, ಆ ಭಾಷೆ ಬಲ್ಲವನು ಜಗತ್ತಿನಲ್ಲಿ ಒಬ್ಬನೇ. ನಾನು ಒಂದು ವಾರ ಮದುವೆಗೆಂದು ಊರು ಬಿಟ್ಟಾಗ ಅವರ ಲೆಕ್ಕಿಗರು ಕಾಗದ, ಕ್ಯಾಲ್ಕುಲೇಟರ್‌ಗೆ ಮರಳಿದರು. ಮತ್ತೆ ಈ ಕಡೆ ಬರಲಿಲ್ಲ.

ಕಂಪ್ಯೂಟರ್ ವಿಜ್ಞಾನಿ ಪೀಟರ್ ಲ್ಯಾಂಡಿನ್ 1966ರಲ್ಲೇ ಹೇಳಿದ್ದ ಮಾತನ್ನು ನಾನು ಹೀಗೆ ತಡವಾಗಿ ಕಲಿತೆ: ಪ್ರತಿ ಕ್ಷೇತ್ರಕ್ಕೂ ಬುಡದಿಂದ ಭಾಷೆ ಕಟ್ಟಬೇಕಿಲ್ಲ, ಚೌಕಟ್ಟು ಒಂದೇ ಇರಲಿ, ಅದರೊಳಗೆ ಇಡುವ ಮೂಲವಸ್ತುಗಳು ಮಾತ್ರ ಬದಲಾಗಲಿ. 1996ರಲ್ಲಿ ಪಾಲ್ ಹ್ಯೂಡಾಕ್ ಈ ಬಗೆಯನ್ನು ‘ಹುದುಗಿಸಿದ’ ಭಾಷೆ ಎಂದು ಕರೆದು ಚರ್ಚಿಸಿದರು. ಚರ, ಲೂಪ್, ಆವರಣ, ಕೂಡು ಕಳೆ ಎಲ್ಲವೂ ಆಶ್ರಯ ಕೊಟ್ಟ ಭಾಷೆಯದು. ‘ತೇವ’, ‘ಸೂಟು’, ‘ಚೀಲ’ ಮಾತ್ರ ನಿಮ್ಮದು.

ಈಗ ಕಂಪ್ಯೂಟರ್ ಮುಚ್ಚಿಟ್ಟು ಗಿರಣಿಗೆ ಹೋಗಿ ಗುಮಾಸ್ತರ ನೋಟ್‌ಬುಕ್ ಕೇಳಿ. ಅಲ್ಲಿ ಹೀಗೆ ಬರೆದಿರುತ್ತದೆ ಎಂದಿಟ್ಟುಕೊಳ್ಳೋಣ: ‘ತೇವ 17. ಮೀರಿದ್ದಕ್ಕೆ ಅಂಶಕ್ಕೆ 1 ಕೆಜಿ’. ಒಂದೇ ಸಾಲು, ಅವರಿಗೆ ಅದರಲ್ಲಿ ಯಾವ ಗೊಂದಲವೂ ಇಲ್ಲ. ನಮಗೆ ಇದೆ. ನಮ್ಮ ಕಡೆಯ ಲೆಕ್ಕದಂತೆ 75 ಕೆಜಿಯ 100 ಚೀಲ ಬಂದವು ಎನ್ನಿ. 7,500 ಕೆಜಿ, ಅಂದರೆ 75 ಕ್ವಿಂಟಾಲ್. ತೇವದ ಮಾಪಕ 19.5 ತೋರಿಸಿತು. ಮಿತಿ 17, ಬೆಂಬಲ ಬೆಲೆಯ ಖರೀದಿಯಲ್ಲೂ ಅಷ್ಟೇ. ಮೀರಿದ್ದು ಎರಡೂವರೆ ಅಂಶ. ಪ್ರತಿ ಅಂಶಕ್ಕೆ ಕ್ವಿಂಟಾಲಿಗೆ 1 ಕೆಜಿಯಂತೆ ಕಳೆದರೆ 187.5 ಕೆಜಿ. ಅರ್ಧ ಅಂಶ ಬಿಡುವವರಾದರೆ 150. ಅರ್ಧವನ್ನೂ ಪೂರ್ತಿ ಎಂದು ಹಿಡಿಯುವವರಾದರೆ 225. ಮೊದಲು ಚೀಲಕ್ಕೆ 1 ಕೆಜಿ ಸೂಟು ಕಳೆದು, ಉಳಿದ 74 ಕ್ವಿಂಟಾಲಿಗೆ ತೇವ ಹಿಡಿದರೆ 185. ಇನ್ನು ನಿಜವಾಗಿ ಭತ್ತವನ್ನು 17ಕ್ಕೆ ಒಣಗಿಸಿದರೆ ಎಷ್ಟು ತೂಕ ಇಳಿಯುತ್ತದೆ ಎಂದು ಲೆಕ್ಕ ಹಾಕಿ: 7,500ನ್ನು 80.5ರಿಂದ (ನೂರರಲ್ಲಿ 19.5 ತೇವ ಕಳೆದ ಒಣ ಭಾಗ) ಗುಣಿಸಿ 83ರಿಂದ (ನೂರರಲ್ಲಿ 17 ಕಳೆದದ್ದು) ಭಾಗಿಸಿದರೆ ಸುಮಾರು 7,274 ಕೆಜಿ ಉಳಿಯುತ್ತದೆ, ಇಳಿದದ್ದು 226 ಕೆಜಿಯಷ್ಟು. ಒಂದೇ ಲೋಡಿಗೆ ಐದು ಉತ್ತರ. ನಿಮ್ಮ ಭಾಷೆಗೆ ಈ ಐದನ್ನೂ ಬೇರೆಬೇರೆಯಾಗಿ ಹೇಳಲು ಬರಬೇಕು, ಯಾವುದು ಎಂದು ಓದಿದ ಕೂಡಲೇ ತಿಳಿಯಬೇಕು. ಅಷ್ಟು ಬಂದರೆ ಸಾಕು, ಉಳಿದದ್ದೆಲ್ಲ ಅಲಂಕಾರ.

ನಾನು ಬರೆದರೆ ಹೀಗೆ ಬರೆದೇನು:

ಸೂಟು.ಚೀಲಕ್ಕೆ(1 * ಕೆಜಿ)
ತೇವ.ಮಿತಿ(17).ಮೀರಿದ_ಅಂಶಕ್ಕೆ.ಕ್ವಿಂಟಾಲಿಗೆ(1 * ಕೆಜಿ)
ಹಮಾಲಿ.ಚೀಲಕ್ಕೆ(10 * ರೂಪಾಯಿ)

ಇದು ಶುದ್ಧ ಪೈಥಾನ್. ಎರಡನೆಯ ಸಾಲನ್ನು ಬಾಯಿಬಿಟ್ಟು ಓದಿ: ತೇವ, ಮಿತಿ ಹದಿನೇಳು, ಮೀರಿದ ಅಂಶಕ್ಕೆ ಕ್ವಿಂಟಾಲಿಗೆ ಒಂದು ಕೆಜಿ. ನೋಟ್‌ಬುಕ್ಕಿನ ಸಾಲೇ. ಇದು ಆಕಸ್ಮಿಕವಲ್ಲ. ಫಂಕ್ಷನ್‌ನ ಹೆಸರು ಮೊದಲು, ವಸ್ತು ಆಮೇಲೆ ಬರುವ ಬರವಣಿಗೆ ಇಂಗ್ಲಿಷ್‌ಗೆ ಒಗ್ಗುತ್ತದೆ. ವಸ್ತು ಮೊದಲು ಬಂದು, ಚುಕ್ಕಿ ಇಟ್ಟು, ಮಾಡುವುದನ್ನು ಆಮೇಲೆ ಹೇಳುವ ಬರವಣಿಗೆ ಕರ್ತೃ, ಕರ್ಮ, ಕೊನೆಗೆ ಕ್ರಿಯೆ ಎನ್ನುವ ನಮ್ಮ ಕ್ರಮಕ್ಕೆ ಸಹಜ. ವಿಭಕ್ತಿಯನ್ನೂ ಹೆಸರಿನಲ್ಲೇ ಇಟ್ಟುಬಿಡಬಹುದು: ಚೀಲಕ್ಕೆ, ಅಂಶಕ್ಕೆ, ಕ್ವಿಂಟಾಲಿಗೆ. ಅರ್ಧ ಅಂಶ ಬಿಡುವ ಗಿರಣಿಗೆ ‘ಮೀರಿದ_ಪೂರ್ಣ_ಅಂಶಕ್ಕೆ’ ಎಂಬ ಇನ್ನೊಂದು ಹೆಸರು. ಸಾಲುಗಳ ಕ್ರಮವೇ ಕಡಿತದ ಕ್ರಮ ಎಂದು ಗೊತ್ತುಪಡಿಸಿ. ಒಟ್ಟು ತೂಕದ ಮೇಲೆಯೇ ಹಿಡಿಯುವವರಿಗೆ ಆ ಮಾತನ್ನು ಸಾಲಿನಲ್ಲಿ ಬಾಯಿಬಿಟ್ಟು ಹೇಳಲು ಬೇರೆ ಹೆಸರು ಕೊಡಿ.

ಇಲ್ಲಿರುವ ಗುಟ್ಟು ಒಂದೇ: ಈ ಸಾಲು ಓಡಿದಾಗ ಯಾವ ಲೆಕ್ಕವೂ ಆಗಬಾರದು. ಹೆಚ್ಚಿನವರು ಎಡವುವುದು ಇಲ್ಲೇ. ‘ತೇವ’ ಎಂಬುದನ್ನು ಸಂಖ್ಯೆಯಾಗಿ ಇಟ್ಟರೆ ಲೆಕ್ಕ ಆಗಿಹೋಗುತ್ತದೆ, ಕೈಗೆ 187.5 ಬರುತ್ತದೆ, ಹೇಗೆ ಬಂತು ಎಂಬುದು ಗಾಳಿಗೆ ಹೋಗುತ್ತದೆ. ಬದಲಿಗೆ ‘ತೇವ’ ಒಂದು ವಸ್ತು (ಆಬ್ಜೆಕ್ಟ್) ಆಗಿರಲಿ. ಪ್ರತಿ ಚುಕ್ಕಿಯೂ ಹಿಂದಿನದನ್ನು ನೆನಪಿಟ್ಟುಕೊಂಡ ಹೊಸ ವಸ್ತುವನ್ನು ಹಿಂದಿರುಗಿಸಲಿ. ಕೊನೆಗೆ ಕೈಯಲ್ಲಿ ಉಳಿಯುವುದು ನಿಯಮದ ಮರ, ಅಂದರೆ ಅದರ ತುಂಡುಗಳನ್ನು ಕೊಂಬೆಗಳಂತೆ ಜೋಡಿಸಿಟ್ಟ ರಚನೆ. ಅದರ ಮೇಲೆ ಲೋಡಿನ ವಿವರ ಹಾಯಿಸಿದರೆ ತೂಕ ಸಿಗುತ್ತದೆ. ಅದೇ ಮರವನ್ನು ಇನ್ನೊಂದು ಕೋಡ್ ಸುತ್ತಿಬಂದರೆ ಪಟ್ಟಿಯ ಕೆಳಗೆ ಹೀಗೆ ಮುದ್ರಿಸಬಹುದು:

ಸೂಟು: 100 ಚೀಲಕ್ಕೆ 1 ಕೆಜಿಯಂತೆ 100 ಕೆಜಿ
ತೇವ: 19.5. ಮಿತಿ 17. ಮೀರಿದ್ದು 2.5 ಅಂಶ. 74 ಕ್ವಿಂಟಾಲಿಗೆ 185 ಕೆಜಿ

ಲೆಕ್ಕ ಮಾಡಿದ ನಿಯಮವೂ ರೈತರ ಕೈಗೆ ಹೋದ ವಿವರಣೆಯೂ ಒಂದೇ ಮರದಿಂದ ಹುಟ್ಟಿದ್ದರಿಂದ ಎರಡರ ನಡುವೆ ಸುಳ್ಳಿಗೆ ಜಾಗವಿಲ್ಲ. ಬೇರೆಬೇರೆಯಾಗಿ ಬರೆದಿದ್ದರೆ ಒಂದಲ್ಲ ಒಂದು ದಿನ ‘ಇಫ್’ ಬದಲಾಗಿ ಮುದ್ರಣ ಹಾಗೆಯೇ ಉಳಿಯುತ್ತದೆ. ನನ್ನನ್ನು ಕೇಳಿದರೆ, ಇಡೀ ಭಾಷೆ ಕಟ್ಟುವ ಶ್ರಮಕ್ಕೆ ಈ ಎರಡು ಸಾಲಿನ ಮುದ್ರಣವೊಂದೇ ಸಾಕಷ್ಟು ಪ್ರತಿಫಲ.

ಕೆಜಿ ಮತ್ತು ರೂಪಾಯಿಯನ್ನು ವಸ್ತುಗಳಾಗಿ ಮಾಡಿದ್ದಕ್ಕೂ ಕಾರಣವಿದೆ. ಬರಿಯ 1, ಬರಿಯ 10 ಇದ್ದರೆ ಹಮಾಲಿಯ ರೂಪಾಯಿ ಒಂದು ದಿನ ತೂಕದಿಂದ ಕಳೆದುಹೋಗುತ್ತದೆ. ನನ್ನ ಕೈಯಲ್ಲೇ ಆಗಿದೆ. ಕೆಜಿಗೆ ರೂಪಾಯಿ ಕೂಡಿಸಲು ಹೋದರೆ ಪ್ರೋಗ್ರಾಮ್ ಅಲ್ಲಿಯೇ ನಿಲ್ಲಬೇಕು. ಗುಣಾಕಾರ ಚಿಹ್ನೆಗೆ ನಿಮ್ಮದೇ ಅರ್ಥ ಕೊಡಲು ಪೈಥಾನ್ ಬಿಡುತ್ತದೆ, ಉಪಯೋಗಿಸಿಕೊಳ್ಳಿ. ಒಳಗೆ ದಶಮಾಂಶವನ್ನು ಅಂದಾಜಾಗಿ ಹಿಡಿಯುವ ಫ್ಲೋಟ್ ಬೇಡ, ಬರೆದಂತೆಯೇ ಹಿಡಿಯುವ ಡೆಸಿಮಲ್ ಇರಲಿ. ಆದರೆ 0.1 ಎಂದು ಬರೆದ ಕ್ಷಣದಲ್ಲೇ ಅದು ಫ್ಲೋಟ್ ಆಗಿರುತ್ತದೆ. ನೇರವಾಗಿ ಡೆಸಿಮಲ್‌ಗೆ ಕೊಟ್ಟರೆ ಬಾಲ ಉದ್ದವಾದ ಸಂಖ್ಯೆ ಬರುತ್ತದೆ, ಮೊದಲು ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡಿ ಆಮೇಲೆ ಕೊಟ್ಟರೆ ಸರಿಯಾಗಿ 0.1 ಬರುತ್ತದೆ. ಪೈಥಾನ್ 3ರ ‘ರೌಂಡ್’ ಅನ್ನು ಮುಟ್ಟಲೇಬೇಡಿ. ಅದು 187.5ನ್ನು 188 ಮಾಡುತ್ತದೆ, 186.5ನ್ನು 186 ಮಾಡುತ್ತದೆ. ಅರ್ಧ ಬಂದಾಗ ಸಮಸಂಖ್ಯೆಯ ಕಡೆ ವಾಲುವುದು ಅದರ ಪದ್ಧತಿ. ಒಂದೇ ದಿನ ಅಕ್ಕಪಕ್ಕದ ಹೊಲದ ಇಬ್ಬರಿಗೆ ಹಾಗೆ ಪಟ್ಟಿ ಹೋದರೆ ಉತ್ತರ ಹೇಳುವವರು ಯಾರು?

ಷರತ್ತುಗಳನ್ನು ಬರೆಯಲು ಹೋದಾಗ ಪೈಥಾನ್ ನಿಮ್ಮನ್ನು ಮೂರು ಕಡೆ ಕೆಡವುತ್ತದೆ. ‘ತೇವ > 17’ ಎಂಬುದಕ್ಕೆ ಹೌದು, ಇಲ್ಲ ಎಂಬ ಉತ್ತರದ ಬದಲು ಷರತ್ತಿನ ವಸ್ತು ಬರುವಂತೆ ಮಾಡಬಹುದು, ಆ ಚಿಹ್ನೆ ನಿಮ್ಮ ಮಾತು ಕೇಳುತ್ತದೆ. ಆದರೆ ‘ಅಂಡ್’, ‘ಆರ್’, ‘ನಾಟ್’ ಎಂಬ ಮೂರು ಪದಗಳು ಕೇಳುವುದಿಲ್ಲ. ಅವುಗಳಿಗೂ ಹೊಸ ಅರ್ಥ ಕೊಡಲು ಬಿಡಬೇಕೆಂಬ ಪ್ರಸ್ತಾಪ ಬಂದು ತಿರಸ್ಕೃತವೂ ಆಯಿತು. ಆದ್ದರಿಂದಲೇ ಪಾಂಡಾಸ್, ಎಸ್‌ಕ್ಯೂಎಲ್‌ಆಲ್ಕೆಮಿ ಮುಂತಾದ ಪೈಥಾನ್ ಗ್ರಂಥಾಲಯಗಳು (ಸಿದ್ಧ ಕೋಡಿನ ಕಟ್ಟುಗಳು) & ಮತ್ತು | ಚಿಹ್ನೆಗಳನ್ನು ಹಿಡಿದಿವೆ. ಅವನ್ನು ಹಿಡಿದರೆ ಎರಡನೆಯ ಗುಂಡಿ:

ತೇವ > 17 & ಕಸ > 2

ಇಲ್ಲಿ & ಚಿಹ್ನೆಯ ಹಿಡಿತ > ಗಿಂತ ಬಿಗಿ. ಪೈಥಾನ್ ಇದನ್ನು ‘ತೇವ > (17 & ಕಸ) > 2’ ಎಂದು ಓದುತ್ತದೆ. ಎರಡೂ ಕಡೆ ಆವರಣ ಹಾಕಿ ‘(ತೇವ > 17) & (ಕಸ > 2)’ ಎಂದೇ ಬರೆಯಬೇಕು. ಮೂರನೆಯ ಗುಂಡಿ ಎಲ್ಲಕ್ಕಿಂತ ಮೋಸದ್ದು, ಏಕೆಂದರೆ ನೋಡಲು ಚೆಂದ: ‘14 < ತೇವ < 17’. ಇದನ್ನು ಪೈಥಾನ್ ಒಳಗೊಳಗೇ ‘ಅಂಡ್’ ಹಾಕಿ ಎರಡು ಷರತ್ತಾಗಿ ಬಿಡಿಸುತ್ತದೆ. ಮೊದಲನೆಯದು ನಿಮ್ಮ ವಸ್ತು. ವಸ್ತು ಎಂದಮೇಲೆ ‘ನಿಜ’ ಎಂದು ಎಣಿಸಿ, ಅದನ್ನು ಬಿಸಾಡಿ, ಎರಡನೆಯದನ್ನು ಮಾತ್ರ ಕೈಗಿಡುತ್ತದೆ. ದೋಷದ ಸಂದೇಶವಿಲ್ಲ, ಸದ್ದಿಲ್ಲ. 14ರ ಷರತ್ತು ಮಾಯ. ಇದಕ್ಕೆ ಮದ್ದು: ಷರತ್ತಿನ ವಸ್ತುವನ್ನು ನಿಜವೋ ಸುಳ್ಳೋ ಎಂದು ಪೈಥಾನ್ ಕೇಳಿದ ಕೂಡಲೇ ದೋಷ ಎಸೆಯುವಂತೆ ಅದರ ‘ಬೂಲ್’ ವಿಧಾನವನ್ನು ಬರೆಯಿರಿ. ಮೇಲೆ ಹೇಳಿದ ಎರಡು ಗ್ರಂಥಾಲಯಗಳೂ ಇದನ್ನೇ ಮಾಡುತ್ತವೆ. ಈ ನಾಲ್ಕು ಸಾಲಿನ ಕೋಡ್ ಇಲ್ಲದ ಹುದುಗಿಸಿದ ಭಾಷೆಯನ್ನು ನಾನು ನಂಬುವುದಿಲ್ಲ. ಷರತ್ತಿಗೂ ‘ತೇವ.ನಡುವೆ(14, 17)’ ಎನ್ನುವಂಥ ಹೆಸರು ಕೊಟ್ಟರೆ ಚಿಹ್ನೆಗಳ ಗೊಡವೆಯೇ ತಪ್ಪುತ್ತದೆ.

ಕನ್ನಡದ ಬಗ್ಗೆ. 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3.0ರಿಂದ ಚರಗಳ ಹೆಸರನ್ನು ಕನ್ನಡದಲ್ಲಿ ಇಡಬಹುದು. ಒತ್ತಕ್ಷರ, ಗುಣಿತ ಎಲ್ಲವೂ ನಡೆಯುತ್ತವೆ. ನಡೆಯದಿರುವುದು ಒಂದು, ಅದು ಕಣ್ಣಿಗೆ ಕಾಣುವುದಿಲ್ಲ. ‘ಕ್ವಿಂಟಾಲ್‌ಗೆ’ ಎಂದು ಟೈಪ್ ಮಾಡುವಾಗ ‘ಲ್ಗೆ’ ಆಗಿ ಒತ್ತು ಬೀಳದಿರಲೆಂದು ನಡುವೆ ಒಂದು ಅದೃಶ್ಯ ಅಕ್ಷರ ಹಾಕುತ್ತೇವಲ್ಲ, ಅದು ಹೆಸರಿನೊಳಗೆ ಬಂದರೆ ಪೈಥಾನ್ ಒಪ್ಪುವುದಿಲ್ಲ. ಮೊದಲ ಸಲ ನನಗೆ ಇದು ಬಡಿದಾಗ ಇಡೀ ಮಧ್ಯಾಹ್ನ ಹಾಳಾಯಿತು. ಸಾಲಿನಲ್ಲಿ ತಪ್ಪೇ ಕಾಣುತ್ತಿರಲಿಲ್ಲ. ಪರಿಹಾರ ಹಳೆಯ ಕನ್ನಡದಲ್ಲೇ ಇದೆ: ‘ಕ್ವಿಂಟಾಲಿಗೆ’ ಎನ್ನಿ. ಕನ್ನಡ ಅಂಕಿಗಳದ್ದು ಇನ್ನೊಂದು ವಿಚಿತ್ರ. ‘೧೭’ ಎಂಬ ಸ್ಟ್ರಿಂಗನ್ನು ಕೊಟ್ಟರೆ ಪೈಥಾನ್ ಸಲೀಸಾಗಿ 17 ಮಾಡಿಕೊಡುತ್ತದೆ, ಕೋಡಿನಲ್ಲಿ ನೇರವಾಗಿ ೧೭ ಎಂದು ಬರೆದರೆ ಮಾತ್ರ ಸಿಡಿಯುತ್ತದೆ. ಇನ್ನು ಗಿರಣಿಯ ಕಂಪ್ಯೂಟರ್‌ನಲ್ಲಿ ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತ ಸಿಕ್ಕರೆ ಅದು ಯೂನಿಕೋಡ್ ಆಗಿರುವುದಿಲ್ಲ. ಪರಿವರ್ತಿಸದೆ ಮುಟ್ಟಬೇಡಿ.

ಭದ್ರತೆಗೆ ಬರೋಣ. ನಿಯಮದ ಫೈಲನ್ನು ‘ಎಕ್ಸೆಕ್’ಗೆ ಕೊಟ್ಟು ಓಡಿಸುವುದು ಸುಲಭ, ಹಾಗೆ ಮಾಡಬೇಡಿ. ಅದು ಪೂರ್ತಿ ಪೈಥಾನ್. ನಿಯಮದ ಜಾಗದಲ್ಲಿ ಯಾರಾದರೂ ಫೈಲ್ ಅಳಿಸುವ ಆದೇಶ ಬರೆದರೂ ಓಡುತ್ತದೆ. ಒಳಗಿನ ಫಂಕ್ಷನ್‌ಗಳನ್ನು ಮರೆಮಾಡಿದರೆ ಸಾಕು ಎನ್ನುವವರಿದ್ದಾರೆ, ಸಾಲದು, ಸುತ್ತುದಾರಿಗಳಿವೆ. ಪೈಥಾನ್‌ನೊಂದಿಗೇ ಬರುವ ‘ಎಎಸ್‌ಟಿ’ ಎಂಬ ಮಾಡ್ಯೂಲ್ ಫೈಲನ್ನು ಓಡಿಸದೆ ಬಿಡಿಸಿ ಕೊಡುತ್ತದೆ. ಬಿಡಿಸಿದ್ದನ್ನು ನೀವೇ ಸುತ್ತಿ ಬಂದು, ಒಪ್ಪಿಗೆ ಕೊಟ್ಟ ಹೆಸರು, ಚುಕ್ಕಿ, ಕರೆ, ಸಂಖ್ಯೆ, ಗುಣಾಕಾರ ಇಷ್ಟನ್ನು ಬಿಟ್ಟು ಬೇರೇನಿದ್ದರೂ ಹೊರಗೆ ಹಾಕಿ. ಅಡಿಗೆರೆಯಿಂದ ಶುರುವಾಗುವ ಹೆಸರು ಬಂದರೆ ಬಾಗಿಲಲ್ಲೇ ತಡೆಯಿರಿ. ಘಾತಕ್ಕೂ ಜಾಗ ಬೇಡ. 9 ** 9 ** 9 ಎಂದು ಬರೆದರೆ ಯಂತ್ರ ಕೂತಲ್ಲೇ ಕೂರುತ್ತದೆ. ಹೀಗೆ ಸುತ್ತಿ ಬರುವಾಗ ಸಾಲಿನ ಸಂಖ್ಯೆಯೂ ನಿಮ್ಮ ಕೈಯಲ್ಲಿರುತ್ತದೆ. ಹಾಗಾಗಿ ಪೈಥಾನ್‌ನ ಗಜ ಉದ್ದದ ಇಂಗ್ಲಿಷ್ ದೂರನ್ನು ಗುಮಾಸ್ತರ ಮುಖಕ್ಕೆ ಹಿಡಿಯುವ ಬದಲು ‘2ನೇ ಸಾಲು: ತೇವಾ ಎಂಬುದು ಗೊತ್ತಿಲ್ಲ, ತೇವ ಎಂದಿರಬೇಕೇ?’ ಎನ್ನಬಹುದು. ಹತ್ತಿರದ ಪದ ಹುಡುಕಲು ‘ಡಿಫ್‌ಲಿಬ್’ ಇದೆ, ಅದೂ ಪೈಥಾನ್‌ನ ಜೊತೆಗೇ ಬರುತ್ತದೆ.

ಹೆಸರುಗಳನ್ನು ಮಾತ್ರ ಮೊದಲ ಗಿರಣಿಯಲ್ಲಿರುವಾಗಲೇ ತಿದ್ದಿ ಮುಗಿಸಿ. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಪ್ರೋಗ್ರಾಮ್ ಕಟ್ಟಿಕೊಡುವ ‘ಮೇಕ್’ ಎಂಬ ಸಾಧನ ಬರೆದಾಗ ಆದೇಶದ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕೆಂದು ಇಟ್ಟರು. ಕೆಲವೇ ವಾರಗಳಲ್ಲಿ ಅದು ಕಿರಿಕಿರಿ ಎಂದು ಗೊತ್ತಾಯಿತು. ಆದರೆ ಅಷ್ಟರಲ್ಲಿ ಹನ್ನೆರಡು ಮಂದಿಯಷ್ಟು ಬಳಸುತ್ತಿದ್ದರು, ಅವರಿಗೆ ತೊಂದರೆ ಕೊಡುವುದು ಬೇಡವೆಂದು ಬಿಟ್ಟರು. ಅರ್ಧ ಶತಮಾನವಾಯಿತು, ಜಗತ್ತು ಇನ್ನೂ ಟ್ಯಾಬ್ ಮತ್ತು ಖಾಲಿ ಜಾಗದ ನಡುವೆ ಕಣ್ಣು ಕಿರಿದು ಮಾಡಿ ನೋಡುತ್ತಿದೆ. ನಿಮ್ಮ ಗ್ರಾಹಕರು ಏಳು.

ಪ್ರತಿ ನಿಯಮದ ಫೈಲಿಗೂ ಎಂದಿನಿಂದ ಜಾರಿ ಎಂಬ ದಿನಾಂಕ ಇರಲಿ, ಹಳೆಯದನ್ನು ಅಳಿಸಬೇಡಿ. ಮಾರ್ಚ್‌ನಲ್ಲಿ ಬಂದು ಡಿಸೆಂಬರ್‌ನ ಪಟ್ಟಿ ಕೇಳುವವರು ಇದ್ದೇ ಇರುತ್ತಾರೆ. ಆಮೇಲೆ ಒಂದೇ ಒಂದು ಗಿರಣಿಯನ್ನು ಆರಿಸಿಕೊಂಡು, ಕಳೆದ ಸುಗ್ಗಿಯ ಪಟ್ಟಿಗಳನ್ನೆಲ್ಲ ಡೇಟಾಬೇಸ್‌ನಿಂದ ತೆಗೆದು, ಹೊಸ ಭಾಷೆಯ ನಿಯಮದಿಂದ ಮತ್ತೊಮ್ಮೆ ಲೆಕ್ಕ ಹಾಕಿಸಿ. ಎಲ್ಲವೂ ಹೊಂದುವುದಿಲ್ಲ. ಹೊಂದದವುಗಳಲ್ಲಿ ಕೆಲವು ನಿಮ್ಮ ಹೊಸ ಕೋಡಿನ ತಪ್ಪುಗಳು, ತಿದ್ದಿಕೊಳ್ಳಿ. ಇನ್ನು ಕೆಲವು ಹಳೆಯ ‘ಇಫ್’ಗಳ ತಪ್ಪುಗಳಾಗಿರುತ್ತವೆ, ಸುಗ್ಗಿಯುದ್ದಕ್ಕೂ ಯಾರ ಕಣ್ಣಿಗೂ ಬೀಳದೆ ಇದ್ದವು. ಆ ಪಟ್ಟಿಗಳನ್ನು ಬೇರೆ ತೆಗೆದಿಟ್ಟು, ಯಾವ ರೈತರಿಗೆ ಎಷ್ಟು ಕೆಜಿ ಕಡಿಮೆ ಹಿಡಿದಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಗಿರಣಿ ಮಾಲೀಕರ ಬಳಿ ನೀವೇ ಹೋಗಿ. ಹೊಸ ಭಾಷೆಯ ವಿಷಯ ಎತ್ತುವುದು ಅದಾದ ಮೇಲೆ.